ಗಾಜಿನ ತೊಟ್ಟಿಯ ಸಕ್ಕರ್ ಮೀನು

ಬಣ್ಣದ ಮೀನು ಸಾಕುವ ಹವ್ಯಾಸ ನಮ್ಮ ಹೊಸಂಗಡಿಯ ಸುತ್ತಿನ ಮನೆಗಳಲ್ಲಿಯೂ ಈಗ ಕಾಣಸಿಗುತ್ತದೆ. ಗಾಜಿನ ತೊಟ್ಟಿ ಕೊಳ್ಳುವಾಗ ಅಂಗಡಿಯವರು ಬೆರಳುದ್ದದ ಒಂದು ಕಪ್ಪು ಮೀನನ್ನೂ ಕೊಡುವುದುಂಟು. ಗಾಜಿಗೆ ಬಾಯಿಯಂಟಿಸಿಕೊಂಡು ಪಾಚಿ ತಿನ್ನುವ ಇದಕ್ಕೆ ಸಕ್ಕರ್ ಎಂದೂ ಟ್ಯಾಂಕ್ ಕ್ಲೀನರ್ ಎಂದೂ ಹೆಸರು. ನಾವೂ ನಾಲ್ಕು ವರ್ಷಗಳ ಹಿಂದೆ ಮಕ್ಕಳ ಒತ್ತಾಯಕ್ಕೆ ಮಣಿದು ಒಂದನ್ನು ತಂದೆವು. ಇಂದು ಅದರ ಉದ್ದ ಮೊಳಕ್ಕೆ ನಾಲ್ಕು ಬೆರಳು ಕಡಿಮೆ!

ಕನ್ನಡ ಪಾಠ ಹೇಳುವವರಿಗೆ ಮೀನಿನ ಉಸಾಬರಿ ಏಕೆಂದು ವಿದ್ಯಾರ್ಥಿಗಳು ನಗಬಹುದು. ಹೆಸರನ್ನು ನಂಬಿ ಮೋಸಹೋದವರು ನಾವು. ಆದುದರಿಂದ ಇದು ಭಾಷೆಯ ವಿಷಯವೂ ಹೌದು. ತೊಟ್ಟಿ ಶುಚಿಮಾಡುವ ಮೀನೆಂದು ಹೇಳಿದರೆ ಆಹಾರ ಹಾಕಬೇಕಿಲ್ಲ, ನೀರು ಬದಲಿಸಬೇಕಿಲ್ಲ ಎಂದು ಯಾರೂ ಭಾವಿಸುತ್ತಾರೆ. ನಿಜಸ್ಥಿತಿ ತದ್ವಿರುದ್ಧ. ಎಳೆಯದಿರುವಾಗ ಪಾಚಿ ತಿನ್ನುವುದು ದಿಟ. ಬೆಳೆದಂತೆ ಗಾಜಿನ ಮೇಲಿನ ಪಾಚಿ ಅದಕ್ಕೆ ಸಾಲದು, ಹಾಕುವ ಹೊಲಸು ಮಾತ್ರ ಉಳಿದೆಲ್ಲ ಮೀನುಗಳಿಗಿಂತ ಹೆಚ್ಚು. ಆ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಸೇರಿ ಮೊದಲು ಸಾಯುವವು ಜೊತೆಯ ಪುಟ್ಟ ಮೀನುಗಳು. ನಮ್ಮಲ್ಲಿ ಆದದ್ದೂ ಹಾಗೆಯೇ.

ಇದರ ತವರು ದಕ್ಷಿಣ ಅಮೆರಿಕದ ನದಿಗಳು. ಪ್ಲೆಕೋಸ್ಟೋಮಸ್ ಎಂಬ ಗ್ರೀಕ್ ಮೂಲದ ಹೆಸರಿಗೆ ಮಡಿಕೆಯ ಬಾಯಿಯುಳ್ಳದ್ದು ಎಂದರ್ಥ. ನಮ್ಮ ಗದ್ದೆಯ ಮುಗುಡಿಗೆ ದೂರದ ನೆಂಟ. ಆದರೆ ಮೈತುಂಬ ಎಲುಬಿನ ಫಲಕಗಳು, ರೆಕ್ಕೆಯಲ್ಲಿ ಗಟ್ಟಿ ಮುಳ್ಳುಗಳು. (ಬಲೆಯಿಂದ ಹಿಡಿಯಹೋದರೆ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತದೆ, ಬಕೆಟಿನಲ್ಲಿ ಎತ್ತುವುದೇ ಲೇಸು.) ಅಂಗಡಿಯಲ್ಲಿ ಸಿಗುವ ಸಾಮಾನ್ಯ ಜಾತಿಗಳು 40 ಸೆಂಟಿಮೀಟರಿನಷ್ಟು ಬೆಳೆದು, ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲವು. ಈಗ ಒಂದು ಸಣ್ಣ ಲೆಕ್ಕ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 56 ಲೀಟರು, ಅಗಲ 30 ಸೆಂಟಿಮೀಟರು. 40 ಸೆಂಟಿಮೀಟರಿನ ಮೀನು ಅದರಲ್ಲಿ ತಿರುಗುವುದೆಂತು?

ತಿರುಗಲಾರದೆ ಮೂಲೆಯಲ್ಲಿ ಬಾಗಿ ನಿಂತಿದ್ದ ಅದನ್ನು ನೋಡಿ ನಮ್ಮ ಕಿರಿಯ ಮಗಳು, "ಪಾಪ ಅಪ್ಪ, ತೋಡಿಗೆ ಬಿಟ್ಟುಬಿಡೋಣ" ಎಂದಳು. ನಾವೂ ಬಕೆಟು ಕೈಗೆತ್ತಿಕೊಂಡಿದ್ದೆವು. ಕರುಣೆಯ ಮಾತೇನೋ ಸರಿ, ಆದರೆ ತೋಡಿನಲ್ಲಿ ಇರುವ ಜೀವಿಗಳ ಗತಿಯೇನು? ತಿರುವನಂತಪುರದ ಆಮಯಿಳಂಜಾನ್ ತೋಡಿನಲ್ಲಿ ಈ ವರ್ಗದ ಮೀನುಗಳು ನೆಲೆಯೂರಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಫಿಲಿಪ್ಪೀನ್ಸ್ ದೇಶದ ಲಗುನಾ ಸರೋವರದಲ್ಲಿ ಬೆಸ್ತರ ಬಲೆಗೆ ಇವೇ ಬಂದು ಬೀಳುವಂತಾಯಿತು. ನೀರು ಕೊಳಕಾಗಿ ಆಮ್ಲಜನಕ ಕಡಿಮೆಯಾದರೂ ಇವು ಸಾಯುವುದಿಲ್ಲ. ಮೇಲೆ ಬಂದು ಗಾಳಿ ನುಂಗಿ ಹೊಟ್ಟೆಯ ಮೂಲಕವೇ ಉಸಿರಾಡಬಲ್ಲವು. ಮೊಟ್ಟೆಯಿಡುವುದಕ್ಕೆ ಮಣ್ಣಿನ ದಂಡೆಯಲ್ಲಿ ಉದ್ದವಾದ ಬಿಲ ಕೊರೆಯುತ್ತವೆ, ಗಂಡುಮೀನು ಅಲ್ಲಿ ಕಾವಲಿರುತ್ತದೆ. ಮಳೆಗಾಲದಲ್ಲಿ ತೋಟದ ಬದಿಯ ತೋಡಿನ ದಂಡೆ ಜರಿಯುವ ಕಷ್ಟ ಇಲ್ಲಿನ ಪೋಷಕರಿಗೆ ಹೇಳಿಕೊಡಬೇಕಾದುದಲ್ಲ. ಒಂದೇ ಮೀನು ಮರಿಮಾಡದು ಎನ್ನಬಹುದು. ಆದರೆ ಇನ್ನೊಂದು ಮನೆಯವರೂ ಹಾಗೆಯೇ ಯೋಚಿಸಿ ಅದೇ ತೋಡಿಗೆ ಬಿಟ್ಟರೆ?

ಬಕೆಟು ಕೆಳಗಿಟ್ಟೆವು. ಮರಳಿ ಕೊಳ್ಳುತ್ತೀರಾ ಎಂದು ಕೇಳಿದರೆ ಅಂಗಡಿಯಲ್ಲಿ ನಕ್ಕರು. ಕೊನೆಗೆ ಹಿತ್ತಿಲಿನಲ್ಲಿ, ಹಿಂದೆ ದನಗಳಿಗೆ ನೀರು ತುಂಬಿಸುತ್ತಿದ್ದ ಸಿಮೆಂಟಿನ ತೊಟ್ಟಿ ನೆನಪಾಯಿತು. ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳ. ಸಾವಿರ ಲೀಟರು ಹಿಡಿಯುತ್ತದೆ. ಹಳೆಯದಾದ್ದರಿಂದ ಸುಣ್ಣದಂಶ ಬಿಡುವ ಭಯವಿಲ್ಲ. ಹೊಸ ತೊಟ್ಟಿಯಾದರೆ ಕೆಲವು ವಾರ ನೀರು ತುಂಬಿಸಿ ಚೆಲ್ಲುತ್ತಿರಬೇಕು. ತಳದಲ್ಲಿ ಒಂದು ಮರದ ಕೊರಡು, ಅಡಗಲು ಹಳೆಯ ಮಣ್ಣಿನ ಕೊಳವೆ, ವಾರಕ್ಕೊಮ್ಮೆ ಕಾಲುಭಾಗ ನೀರಿನ ಬದಲಾವಣೆ. ಹಗಲು ಮಲಗಿ ರಾತ್ರಿ ಓಡಾಡುವ ಪ್ರಾಣಿಯಾದುದರಿಂದ ದೀಪವಾರಿಸುವ ಹೊತ್ತಿಗೆ ಮುಳ್ಳುಸೌತೆಯ ನಾಲ್ಕು ಹೋಳು ಹಾಕುತ್ತೇವೆ. ಬೆಳಗ್ಗೆ ಸಿಪ್ಪೆಯಷ್ಟೇ ಉಳಿದಿರುತ್ತದೆ. ತಿನ್ನುವ ನೀರು ಹೊಲಸಾದರೂ ದಂಡವಲ್ಲ, ಬಾಳೆಯ ಬುಡಕ್ಕೆ ಹೋಗುತ್ತದೆ.

ಆಟಿಯ ಮಳೆಗೆ ತೊಟ್ಟಿ ತುಂಬಿ ಹರಿದರೆ ಮೀನು ತಾನಾಗಿಯೇ ತೋಡು ಸೇರಬಹುದಲ್ಲ! ಹಾಗಾಗಿ ಮೇಲೆ ಕಬ್ಬಿಣದ ಜಾಲರಿ ಬಿಗಿದು, ನಾಲ್ಕು ಮೂಲೆಗೂ ಕಲ್ಲು ಹೇರಿದ್ದೇವೆ. ಮಳೆ ಜೋರಾದ ರಾತ್ರಿ ಟಾರ್ಚು ಹಿಡಿದು ಹೋಗಿ ನೋಡಿಬರುವ ಕೆಲಸ ಮಗಳದು.