ಎರಡೂ ತೂತಿನಲ್ಲಿ ಹೊತ್ತುವ ಟೆಸ್ಟರ್

ಸಾಕೆಟ್‌ನ ಬಲಗಡೆಯ ತೂತಿಗೆ ಟೆಸ್ಟರ್ ಇಟ್ಟರೆ ಕೆಂಪಗೆ ಹೊತ್ತುತ್ತದೆ. ಎಡಗಡೆಗೆ ಇಟ್ಟರೂ ಹೊತ್ತುತ್ತದೆ. ಮಿಕ್ಸರ್ ಮಾತ್ರ ತಿರುಗುವುದಿಲ್ಲ.

ರೋಣ, ನರಗುಂದ, ಗಜೇಂದ್ರಗಡದ ಹಳೆಯ ಮಾಳಿಗೆ ಮನೆಗಳಿಂದ ವೈರ್‌ಮನ್‌ಗಳಿಗೆ ಬರುವ ದೂರುಗಳಲ್ಲಿ ಇದು ತೀರ ಮಾಮೂಲು. "ಕರೆಂಟ್ ಡಬಲ್ ಬರಾಕತ್ತೈತ್ರೀ ಅಣ್ಣಾರ, ಎಲ್ಲಾ ಸುಟ್ಟು ಹೋದೀತು" ಎಂದು ಮನೆಯವರು ಗಾಬರಿಯಾಗುತ್ತಾರೆ. "ಡಬಲ್ ಅಲ್ರೀ ಅಕ್ಕಾರ, ಬಂದ ಕರೆಂಟಿಗೆ ಹೊಳ್ಳಿ ಹೋಗಾಕ ಹಾದಿನ ಇಲ್ಲ" ಎನ್ನುತ್ತಾರೆ ಈ ಭಾಗದ ಮನೆಗಳ ಜಂತಿಗಳ ಸಂದಿಯಲ್ಲಿ ವೈರು ಹುಡುಕುತ್ತಲೇ ತಲೆ ಬೆಳ್ಳಗಾದ ವೈರ್‌ಮನ್ ಒಬ್ಬರು. ಎಲ್ಲೋ ಹಿಂದೆ ನ್ಯೂಟ್ರಲ್ ತಂತಿ ಕಡಿದಿದೆ. ಪಡಸಾಲೆಯಲ್ಲಿ ಚಾಲೂ ಇಟ್ಟ ಫ್ಯಾನಿನ ಸುರುಳಿಯ ಮೂಲಕ ಫೇಜು ದಾಟಿ ಬಂದು ಆ ಕಡಿದ ನ್ಯೂಟ್ರಲ್ಲಿನಲ್ಲಿ ನಿಂತಿದೆ. ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್ಗುಗಳನ್ನು ಕಿತ್ತು ಮತ್ತೆ ಟೆಸ್ಟರ್ ಇಟ್ಟರೆ ಎಡಗಡೆಯ ಬೆಳಕು ಹೋಗುತ್ತದೆ. ಸಾಕೆಟ್ ಬದಲಿಸಲು ಹೊರಟವರು ಅಲ್ಲಿಗೇ ಕೈ ಬಿಡಬಹುದು, ದೋಷ ಸಾಕೆಟ್ಟಿನದ್ದಲ್ಲ.

ಹಾಗಾದರೆ ಎಲ್ಲಿಯದು? ಈ ವೈರ್‌ಮನ್ ಬೋರ್ಡಿಗೆ ಕೈ ಹಚ್ಚುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಮಾತಾಡುತ್ತಾರೆ. ಮೊದಲು ಲೈಟು ಬಂದದ್ದು ಯಾವ ಕೋಣೆಗೆ, ಟಿವಿ ಬಂದಾಗ ವೈರು ಎಲ್ಲಿಂದ ಎಳೆದಿರಿ, ಹಿತ್ತಲ ಬಚ್ಚಲಿಗೆ ಯಾರು ಜೋಡಿಸಿದರು? ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕರ್ನಾಟಕದಲ್ಲಿ 1979-80ರ ಹೊತ್ತಿಗೆ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದು ಒಂದೇ ಒಂದು ಬಲ್ಬು. ಆ ಬಲ್ಬಿಗೆಂದು ಎಳೆದ ಸಣ್ಣ ವೈರಿನಿಂದಲೇ ಆಮೇಲೆ ಫ್ಯಾನು, ಟಿವಿ, ಮಿಕ್ಸರ್, ಕಡೆಗೆ ನೀರು ಕಾಯಿಸುವ ಕಾಯಿಲ್‌ವರೆಗೆ ಒಂದಕ್ಕೊಂದು ಗಂಟು ಹಾಕುತ್ತ ಹೋದ ಮನೆಗಳು ಈ ಮೂರೂ ತಾಲ್ಲೂಕುಗಳಲ್ಲಿ ಕಾಣಸಿಗುತ್ತವೆ. ಪ್ರತಿ ಸಲವೂ ಎರಡು ತುದಿ ಸುಲಿದು, ಹಗ್ಗದಂತೆ ಹೊಸೆದು, ಕರಿ ಟೇಪು ಸುತ್ತಿದ್ದೇ ಜಾಯಿಂಟು. ಅಲ್ಯೂಮಿನಿಯಂ ತಂತಿಗೆ ತಾಮ್ರ ಹೊಸೆದಿದ್ದರಂತೂ ಮುಗಿಯಿತು: ಅಲ್ಯೂಮಿನಿಯಂ ಮೇಲೆ ಕರೆಂಟು ಹರಿಯದ ಪದರ ಕಟ್ಟುತ್ತದೆ, ಕಾದು ಆರಿ ಕಾದು ಆರಿ ಗಂಟು ಸಡಿಲಾಗುತ್ತದೆ.

ಸಡಿಲ ಗಂಟು ಟೆಸ್ಟರಿಗೆ ಸಿಗುವುದಿಲ್ಲ. ಡಿಜಿಟಲ್ ಮೀಟರನ್ನೂ ಅದು ಯಾಮಾರಿಸುತ್ತದೆ. ಪಕ್ಕದಲ್ಲೇ ಫೇಜು ತಂತಿ ಓಡಿದ್ದರೆ ಪೂರ್ತಿ ಕಡಿದ ತಂತಿಯಲ್ಲೂ ಮೀಟರು ಎಪ್ಪತ್ತೋ ತೊಂಬತ್ತೋ ವೋಲ್ಟ್ ತೋರಿಸಬಹುದು. ಒಂದು ಬಲ್ಬು ಜೋಡಿಸಿದ ಕ್ಷಣ ಅದು ಸೊನ್ನೆಗಿಳಿಯುತ್ತದೆ. ಹೋಲ್ಡರಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪನ್ನು ಹಳಬರು ಇನ್ನೂ ಜೋಳಿಗೆಯಲ್ಲಿ ಇಟ್ಟುಕೊಂಡಿರುವುದಕ್ಕೆ ಕಾರಣ ಜಿಪುಣತನವಲ್ಲ.

ಅದಕ್ಕೂ ಮುಂದಿನ ಪರೀಕ್ಷೆ ಇಸ್ತ್ರಿ ಪೆಟ್ಟಿಗೆಯದು. ರೋಣದ ಒಂದು ಮನೆಯ ಅಡುಗೆಕೋಣೆಯ ಸಾಕೆಟ್‌ನಲ್ಲಿ ಮೀಟರು 230 ವೋಲ್ಟ್ ತೋರಿಸುತ್ತಿತ್ತು, ಟೆಸ್ಟ್ ಲ್ಯಾಂಪೂ ಸರಿಯಾಗಿ ಉರಿಯಿತು. 1000 ವ್ಯಾಟ್‌ನ ಇಸ್ತ್ರಿ ಹಾಕಿದ್ದೇ ವೋಲ್ಟೇಜ್ 190ಕ್ಕೆ ಕುಸಿಯಿತು. ಲೆಕ್ಕ ಸರಳ: ಕಾಣೆಯಾದ 40 ವೋಲ್ಟನ್ನು ಹರಿಯುತ್ತಿದ್ದ ಮೂರೂವರೆ ಆಂಪಿಯರ್‌ನಿಂದ ಗುಣಿಸಿದರೆ 140 ವ್ಯಾಟ್. ದಾರಿಯಲ್ಲೆಲ್ಲೋ ಒಂದು ಗಂಟು ಅಷ್ಟು ಕಾಯುತ್ತಿತ್ತು, ಅದೂ ಒಣಗಿದ ಸಾಗವಾನಿ ಪಟ್ಟಿಯ ಮೇಲೆ. ಬೆಳಕಿಂಡಿಯ ಪಕ್ಕ, ಮಳೆ ಸೋರುವ ಜಾಗದಲ್ಲಿ, ಟೇಪು ಕರಗಿ ಅಂಟಿಕೊಂಡಿದ್ದ ನ್ಯೂಟ್ರಲ್ ಗಂಟು ಸಿಕ್ಕಿತು. ಫೇಜಿನ ಗಂಟನ್ನು ಎಲ್ಲರೂ ಹೆದರಿ ಬಿಗಿಯಾಗಿ ಕಟ್ಟುತ್ತಾರೆ. ಶಾಕ್ ಹೊಡೆಯುವುದಿಲ್ಲ ಎಂದುಕೊಂಡ ನ್ಯೂಟ್ರಲ್ ಎಂದರೆ ಅಸಡ್ಡೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಎರಡರಲ್ಲೂ ಹರಿಯುವ ಕರೆಂಟು ಮಾತ್ರ ಒಂದೇ.

ನ್ಯೂಟ್ರಲ್ಲಿನ ಇನ್ನೊಂದು ಹಳೆಯ ರೂಢಿ ಇನ್ನೂ ಅಪಾಯದ್ದು. ಹಿಂದಿನ ಕಬ್ಬಿಣದ ಮೇನ್ ಸ್ವಿಚ್ಚುಗಳಲ್ಲಿ ಎರಡೂ ತಂತಿಗೆ ಫ್ಯೂಜ್ ಇರುತ್ತಿತ್ತು. ನ್ಯೂಟ್ರಲ್‌ಗೆ ಫ್ಯೂಜ್ ಕೂಡದು ಎನ್ನುವುದು ಈಗಿನ ನಿಯಮ. ಆ ಫ್ಯೂಜ್ ಮಾತ್ರ ಸುಟ್ಟರೆ ಮನೆ ಕತ್ತಲಾಗುತ್ತದೆ, "ಲೈಟ್ ಹೋತು" ಎಂದುಕೊಂಡು ಜನ ಬೋರ್ಡು ಬಿಚ್ಚುತ್ತಾರೆ, ಒಳಗೆ ಫೇಜು ಜೀವಂತ ಇರುತ್ತದೆ.

ನೆಲವೂ ಇಲ್ಲಿ ತನ್ನ ಆಟ ಆಡುತ್ತದೆ. ನರಗುಂದದ ಎರಿಭೂಮಿ ಹಸಿಯಿದ್ದಾಗ ಅರ್ಥಿಂಗ್‌ಗೆ ಬಲು ಒಳ್ಳೆಯದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗಿದಾಗ ಅರ್ಥಿಂಗ್ ಪೈಪಿನ ಸುತ್ತ ಮಣ್ಣೇ ಸರಿದು ನಿಲ್ಲುತ್ತದೆ. ಅದೇ ಮಣ್ಣು ಉಬ್ಬಿ ಕುಗ್ಗಿ ಗೋಡೆ ಸೀಳಿದಾಗ ಗೋಡೆಯೊಳಗಿನ ವೈರಿನ ಪೈಪೂ ಒಡೆಯುತ್ತದೆ. ಗಜೇಂದ್ರಗಡದ ಗುಡ್ಡದ ಬದಿಯಲ್ಲಿ ಸಂಕಟ ಬೇರೆ: ಎರಡೂವರೆ ಮೀಟರ್ ಪೈಪು ಇಳಿಸಲು ಹೋದರೆ ಕಲ್ಲು. ಇದ್ದಿಲು, ಉಪ್ಪು ತುಂಬಿದರೂ ಅಲ್ಲಿ ನೀರು ಹಾಕುತ್ತಿರಲೇಬೇಕು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಕಡೆ ಹೊಳೆ ಮನೆಯೊಳಗೇ ಬಂತು. ಇಂಥ ನೆರೆ ಇಳಿದ ಮೇಲೆ ಸಾಕೆಟ್‌ಗಳ ಒಳಗೆ ಉಳಿಯುವುದು ನುಣ್ಣನೆಯ ರಾಡಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದುಕೊಂಡಿರುತ್ತದೆ. ಪಿವಿಸಿ ವೈರು ತೊಳೆದು ಒಣಗಿಸಿದರೆ ಬದುಕಬಹುದು. ಮುಳುಗಿದ ಸ್ವಿಚ್ಚು, ಸಾಕೆಟ್ಟು, ಎಂಸಿಬಿಗಳನ್ನು ಎಸೆಯುವುದೇ ಸರಿ. ಮೇನ್ ಹಾಕುವ ಮೊದಲು ಮೆಗ್ಗರ್‌ನಿಂದ 500 ವೋಲ್ಟ್ ಕೊಟ್ಟು ನೋಡಿದಾಗ ಇನ್ಸುಲೇಶನ್ ಕನಿಷ್ಠ 1 ಮೆಗಾಓಮ್ ಇರಬೇಕು.

ಇನ್ನು ಅರ್ಥ್ ಪಿನ್ನಿನ ವಿಷಯ. ಎರಡೇ ತಂತಿಯ ಹಳೆ ಮನೆಗೆ ಮೂರು ಪಿನ್ನಿನ ಸಾಕೆಟ್ ಹಾಕುವಾಗ ಕೆಲವರು ಮೇಲಿನ ದಪ್ಪ ತೂತಿಗೆ ನ್ಯೂಟ್ರಲ್‌ನಿಂದಲೇ ಒಂದು ತುಂಡು ವೈರು ಕೊಟ್ಟುಬಿಡುತ್ತಾರೆ. ಎಲ್ಲವೂ ನಡೆಯುತ್ತದೆ, ಶಾಕೂ ಇಲ್ಲ. ಆದರೆ ಹಿಂದೆಲ್ಲೋ ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಮೈಗೇ 230 ವೋಲ್ಟ್ ಬಂದು ಕೂರುತ್ತದೆ.

ಗಜೇಂದ್ರಗಡದ ಒಂದು ಮನೆಯಲ್ಲಿ ಹೊಸ ಅರ್ಥಿಂಗ್ ಹಾಕಿ, ಅಡುಗೆಕೋಣೆಗೆ 2.5 ಚದರ ಮಿಲಿಮೀಟರ್ ತಾಮ್ರದ ಪ್ರತ್ಯೇಕ ಲೈನು ಎಳೆದು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಹೋದ ಕರೆಂಟಿಗೂ ಹೊಳ್ಳಿ ಬಂದ ಕರೆಂಟಿಗೂ ವ್ಯತ್ಯಾಸ ಕಂಡರೆ ತಾನೇ ಬೀಳುವ ಸ್ವಿಚ್ಚು) ಕೂರಿಸಿದರು. ಫ್ಯಾನು, ಟ್ಯೂಬ್‌ಲೈಟು ಹಾಕಿದರೆ ಅದು ಬೀಳುತ್ತಿರಲಿಲ್ಲ, ಇಸ್ತ್ರಿ ಹಾಕಿದರೆ ಬೀಳುತ್ತಿತ್ತು. ಮನೆಯವರು ಇಸ್ತ್ರಿಯನ್ನು ರಿಪೇರಿಗೆ ಕಳಿಸಿದರು, ಆಮೇಲೆ ನೀರಿನ ಕಾಯಿಲ್ ಮೇಲೆ ಅನುಮಾನ ಬಂತು, ಕೊನೆಗೆ ಆರ್‌ಸಿಸಿಬಿಯನ್ನೇ ತೆಗೆದುಬಿಡಿ ಎಂದರು. ವೈರ್‌ಮನ್ ಒಪ್ಪಲಿಲ್ಲ. ಯಾವ ದೊಡ್ಡ ಲೋಡು ಹಾಕಿದರೂ ಬೀಳುತ್ತದೆ ಎಂದರೆ ಉಪಕರಣಕ್ಕೆ ಸಂಬಂಧವಿಲ್ಲ. ಎಲ್ಲೋ ನ್ಯೂಟ್ರಲ್ಲೂ ಅರ್ಥೂ ಕೂಡಿಕೊಂಡಿವೆ, ಹೊಳ್ಳಿ ಹೋಗುವ ಕರೆಂಟಿನ ಒಂದು ಪಾಲು ನೆಲಕ್ಕಿಳಿಯುತ್ತಿದೆ. ಒಂದೊಂದೇ ಎಂಸಿಬಿ ಆರಿಸಿ ಹುಡುಕಿದರೂ ಇದು ಸಿಗುವುದಿಲ್ಲ, ಏಕೆಂದರೆ ಅವು ಕಡಿಯುವುದು ಫೇಜನ್ನು ಮಾತ್ರ. ಮೇನ್ ಆಫ್ ಮಾಡಿ, ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ತಂತಿ ಬಿಚ್ಚಿ, ಮೀಟರಿನ ಒಂದು ಕಡ್ಡಿಯನ್ನು ತಂತಿಗೂ ಇನ್ನೊಂದನ್ನು ಅರ್ಥ್‌ಗೂ ಇಟ್ಟು ನೋಡುತ್ತ ಹೋದರು. ದೇವರಮನೆಯ ತಂತಿಗೆ ಬಂದಾಗ ಮೀಟರು ಕೂಗಿತು. ಅಲ್ಲಿನ ಸಾಕೆಟ್‌ನ ಹಿಂದೆ ಎಡ ತೂತಿನಿಂದ ಮೇಲಿನ ತೂತಿಗೆ ಬೆರಳುದ್ದದ ಕರಿ ವೈರು ಹಾಗೇ ಉಳಿದಿತ್ತು. ಅದನ್ನು ಕತ್ತರಿಸಿದ ಮೇಲೆ ಇಸ್ತ್ರಿ, ಕಾಯಿಲ್ ಎರಡನ್ನೂ ಒಟ್ಟಿಗೆ ಹಾಕಿದರೂ ಆರ್‌ಸಿಸಿಬಿ ಬೀಳಲಿಲ್ಲ.