ಶಾಲೆಯ ಬಾಗಿಲಲ್ಲಿ ನಿಂತವರು

ವಿದ್ಯೆಯು ಸರ್ವರ ಸ್ವತ್ತೆಂದು ನಾವು ಸುಲಭವಾಗಿ ಹೇಳುತ್ತೇವೆ. ಆ ಮಾತು ನಿಜವಾಗಬೇಕಾದರೆ ಎಳೆಯ ವಯಸ್ಸಿನವರು ಎಷ್ಟು ಧೈರ್ಯ ತೋರಬೇಕಾಯಿತೆಂಬದನ್ನು ಎರಡು ನಿದರ್ಶನಗಳಿಂದ ವಿಚಾರಿಸೋಣ.

ಮೊದಲನೆಯದು ನಮ್ಮ ಜಿಲ್ಲೆಯದೇ. 1856ನೆಯ ಇಸವಿಯ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಹುಡುಗನು, ಧಾರವಾಡದ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ಅವನ ಕೈಯಲ್ಲಿದ್ದ ಆಯುಧವು ಆ ಕಾಗದವೊಂದೇ. ನ್ಯಾಯವು ಅರ್ಜಿದಾರನ ಪಕ್ಷದಲ್ಲಿಯೇ ಇದೆಯೆಂದು ಸರಕಾರವು ಜುಲೈ 21ರ ನಿರ್ಣಯದಲ್ಲಿ ಒಪ್ಪಿಕೊಂಡಿತು. ಆದರೂ ಒಬ್ಬಿಬ್ಬರಿಗಾಗಿ ಬಹುಕಾಲದ ರೂಢಿಯನ್ನು ಒಮ್ಮೆಲೇ ಮುರಿದರೆ ವಿದ್ಯಾಪ್ರಸಾರಕ್ಕೆ ಹಾನಿಯಾದೀತೆಂದು ಹೇಳಿ ಅವನ ಬೇಡಿಕೆಯನ್ನು ನಡಿಸಿಕೊಡಲಿಲ್ಲ. ನ್ಯಾಯವನ್ನು ಒಪ್ಪಿಯೂ ಬಾಗಿಲನ್ನು ಮುಚ್ಚಿದ ಉತ್ತರವಿದು.

ಆದರೆ ಆ ಅರ್ಜಿಯು ವ್ಯರ್ಥವಾಗಲಿಲ್ಲ. ವಿಷಯವು ಲಂಡನ್ನಿನವರೆಗೆ ಹೋಯಿತು. ಸರಕಾರದ ವಿದ್ಯಾಲಯಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ನೆಯ ಏಪ್ರಿಲ್ 28ರಂದು ಬರೆದು ತಿಳಿಸಿದರು. ರೂಢಿಯಾದರೋ ಅಷ್ಟು ಬೇಗ ಸಡಿಲಲಿಲ್ಲ. 1891ರಲ್ಲಿ ಹುಟ್ಟಿದ ಡಾ. ಅಂಬೇಡಕರರು ಸಾತಾರೆಯ ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ, ಗೋಣಿತಟ್ಟಿನ ಮೇಲೆ ಕುಳಿತು ಓದಬೇಕಾಯಿತು.

ಎರಡನೆಯ ನಿದರ್ಶನವು ಅಮೇರಿಕೆಯದು. ಅಲ್ಲಿಯ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದವು. ವರ್ಜಿನಿಯದ ಫಾರ್ಮ್‌ವಿಲ್ ಊರಿನಲ್ಲಿ 180 ಮಕ್ಕಳಿಗಾಗಿ ಕಟ್ಟಿದ ಕರಿಯರ ಹೈಸ್ಕೂಲಿನಲ್ಲಿ 450ಕ್ಕೂ ಹೆಚ್ಚು ಮಕ್ಕಳು ಕಲಿಯುತ್ತಿದ್ದರು. ಡಾಂಬರು ಕಾಗದ ಹೊದಿಸಿದ ಜೋಪಡಿಗಳೇ ಅವರಲ್ಲಿ ಹಲವರಿಗೆ ತರಗತಿಗಳು. 1951ನೆಯ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ವಿದ್ಯಾರ್ಥಿನಿಯ ಮಾತಿನಂತೆ ಅವರೆಲ್ಲರೂ ಶಾಂತರಾಗಿ ಶಾಲೆ ಬಿಟ್ಟು ಹೊರಬಂದರು. ಅವರ ಪರವಾಗಿ ಹೂಡಿದ ದಾವೆಯೂ ಸೇರಿದ್ದ ಮೊಕದ್ದಮೆಯಲ್ಲಿ, ಬೇರ್ಪಡಿಸಿದ ಶಾಲೆಗಳು ಅನ್ಯಾಯವೆಂದು ಶ್ರೇಷ್ಠ ನ್ಯಾಯಾಲಯವು 1954ನೆಯ ಮೇ 17ರಂದು ತೀರ್ಪಿತ್ತಿತು. ಆಗಲೂ ರೂಢಿಯು ಹಟ ಬಿಡಲಿಲ್ಲ. ಮಕ್ಕಳನ್ನು ಒಂದುಗೂಡಿಸುವ ಬದಲು ಆ ಪ್ರಾಂತದವರು 1959ರಿಂದ 1964ರ ವರೆಗೆ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿಬಿಟ್ಟರು.

ಈ ಎರಡು ವೃತ್ತಾಂತಗಳಿಂದ ನಾವು ಕಲಿಯತಕ್ಕದ್ದೇನು? ಕಾಲವು ತಾನಾಗಿ ಪಕ್ವವಾಗುವದಿಲ್ಲ. ಬಾಗಿಲಲ್ಲಿ ನಿಂತು ಶಾಂತಿಯಿಂದ ಕೇಳುವವರೇ ಅದನ್ನು ಪಕ್ವಮಾಡುತ್ತಾರೆ. ಆದರೆ ಆಜ್ಞೆಯು ಬಾಗಿಲನ್ನು ತೆರೆಯಬಲ್ಲದು. ಒಳಗೆ ಸ್ಥಳಕೊಡುವವರು ಮನುಷ್ಯರೇ.

ನಮ್ಮ ರಾಜ್ಯಘಟನೆಯು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಸರಕಾರದ ಅಥವಾ ಸರಕಾರದ ನೆರವು ಪಡೆದ ಯಾವ ಶಾಲೆಯೂ ಕೇವಲ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿತು. ಆದುದರಿಂದ ಮಿಶ್ರಿಕೋಟಿಯ ಯಾವ ಬಾಲಕಿಗೂ ಆ ಹುಡುಗನಂತೆ ಅರ್ಜಿ ಹಿಡಿದು ನಿಲ್ಲುವ ಪ್ರಸಂಗವು ಬರಬಾರದು. ಆದರೆ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಯಾರು ಕುಳಿತಾರು, ಬುತ್ತಿ ಬಿಚ್ಚಿದಾಗ ಯಾರು ಹಂಚಿಕೊಂಡಾರು, ಮನೆಗೆ ಬಂದರೆ ಯಾವ ತಂಬಿಗೆಯಲ್ಲಿ ನೀರು ಕೊಟ್ಟಾರು ಎಂಬದನ್ನು ಕಾಯಿದೆಯು ನಿರ್ಣಯಿಸಲಾರದು. ಅದನ್ನು ಮಕ್ಕಳು ಮನೆಯಲ್ಲಿಯೇ ಕಲಿಯುತ್ತಾರೆ. ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಆದ ನಾವು, ನಮ್ಮ ನಡತೆಯಿಂದ ಅವರಿಗೆ ಏನನ್ನು ಕಲಿಸುತ್ತಿದ್ದೇವೆಂಬದನ್ನು ಆಲೋಚಿಸೋಣ.