ಶರಾವತಿಯಲ್ಲಿ ಮೂರು ದಿನ ಹುಟ್ಟು ಹಾಕುವವರಿಗೆ

ಸೂಲಿಬೆಲೆಯ ಸುತ್ತಮುತ್ತ ನೀರೆಂದರೆ ಕೆರೆ ಮತ್ತು ಕೊಳವೆಬಾವಿ. ನಮ್ಮ ಹೊಸಕೋಟೆ ತಾಲ್ಲೂಕಿನ ಹೊಳೆ ದಕ್ಷಿಣ ಪಿನಾಕಿನಿಯಲ್ಲಿ ದಿನಗಟ್ಟಲೆ ದೋಣಿ ನಡೆಸುವಷ್ಟು ನೀರಿರುವುದಿಲ್ಲ. ಹಾಗಾಗಿ ಕ್ಯಾನೂ ಹತ್ತಿ ಮೂರು ದಿನ ನೀರಿನ ಮೇಲೇ ಇದ್ದು ಬರಬೇಕೆನ್ನುವ ನಮ್ಮೂರ ಹುಡುಗ ಹುಡುಗಿಯರಿಗೆ ನಾನು ಹೇಳುವ ಜಾಗ ಸಾಗರ ತಾಲ್ಲೂಕಿನ ಹೊನ್ನೆಮರಡು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಗುಡ್ಡಗಳ ನಡುವೆ ಹರಡಿಕೊಂಡಿದೆ. ಮಾರ್ಗದರ್ಶಕರ ಜೊತೆ ಹುಟ್ಟು ಹಾಕುತ್ತ ಹೋಗಿ, ನಡುಗಡ್ಡೆಯಲ್ಲಿ ಡೇರೆ ಹೂಡಿ ಮಲಗುವ ಶಿಬಿರಗಳಿಗೆ ಆ ಊರು ಬಹುಕಾಲದಿಂದ ಹೆಸರುವಾಸಿ.

1. ಮೊದಲು ಈಜು ಕಲಿಯಿರಿ, ಆದರೆ ಕೆರೆಯಲ್ಲಿ ಬೇಡ. ನಮ್ಮ ಕಡೆಯ ಕೆರೆಯಂಗಳಗಳಲ್ಲಿ ಮಣ್ಣು ತೆಗೆದ ಗುಂಡಿಗಳಿವೆ, ಕಾಲು ಹಿಡಿಯುವ ಹೂಳಿದೆ. ಈಜುಕೊಳಕ್ಕೆ ಸೇರಿ, ಕಲಿಸುವವರ ಎದುರಿಗೇ ಕಲಿಯಿರಿ.

2. ಮಳೆಗಾಲದಲ್ಲಿ ಹೊರಡಬೇಡಿ. ಮಳೆ ನಿಂತ ಮೇಲೆ ಜಲಾಶಯ ತುಂಬಿರುತ್ತದೆ, ದೋಣಿ ದಡಕ್ಕೇ ತಾಗುತ್ತದೆ. ಕಡು ಬೇಸಿಗೆಯಲ್ಲಿ ನೀರು ಇಳಿದು, ಮೊಣಕಾಲುದ್ದ ಕೆಸರು ದಾಟಿ ಡೇರೆಯ ಜಾಗಕ್ಕೆ ಹೋಗಬೇಕಾದೀತು. ಮುಳುಗಿ ಸತ್ತ ಮರಗಳ ಬೊಡ್ಡೆಗಳೂ ನೀರಿನ ಮಟ್ಟಕ್ಕೇ ಬಂದಿರುತ್ತವೆ. ನವೆಂಬರಿನಿಂದ ಫೆಬ್ರವರಿ ಹದವಾದ ಕಾಲ.

3. ಹಣ ಕಟ್ಟುವ ಮುಂಚೆ ಪ್ರಶ್ನೆ ಕೇಳಿ. ಜೊತೆಗೆ ರಕ್ಷಣಾ ದೋಣಿ ಬರುತ್ತದೆಯೇ? ಹೆಚ್ಚುವರಿ ಹುಟ್ಟು ಇದೆಯೇ? ನನ್ನ ಅಳತೆಯ ಲೈಫ್ ಜಾಕೆಟ್ ಇದೆಯೇ? ಅರಣ್ಯ ಇಲಾಖೆಯ ಅನುಮತಿ ಇದೆಯೇ? ಶರಾವತಿ ಕಣಿವೆ 2019ರಿಂದ ಸಿಂಗಳೀಕ ಅಭಯಾರಣ್ಯ. ಎಲ್ಲ ದಡದಲ್ಲೂ ಇಳಿಯುವ ಹಾಗಿಲ್ಲ. ಈ ಪ್ರಶ್ನೆಗಳಿಗೆ ಬೇಸರಪಡುವವರ ಜೊತೆ ಹೋಗಲೇಬೇಡಿ.

4. ಗಾಳಿಗಿಂತ ಮೊದಲು ಏಳಿ. ಬೆಳಿಗ್ಗೆ ಹಿನ್ನೀರು ಅಲುಗದೆ ಮಲಗಿರುತ್ತದೆ. ಬಿಸಿಲೇರಿದಂತೆ ಗಾಳಿ ಏಳುತ್ತದೆ, ಬಯಲು ನೀರಿನಲ್ಲಿ ಅಲೆ ಕಟ್ಟುತ್ತದೆ. ಹೊಸಬರ ಕ್ಯಾನೂ ಶಾಂತ ನೀರಿನಲ್ಲಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಸಾಗಿದರೆ ಹೆಚ್ಚು, ಎದುರುಗಾಳಿ ಬೀಸಿದರೆ ಅದರಲ್ಲಿ ಅರ್ಧ. ಆದ್ದರಿಂದ ಅಗಲವಾದ ಪಾತ್ರವನ್ನು ಬೆಳಿಗ್ಗೆಯೇ ದಾಟಿಬಿಡಿ. ಮಧ್ಯಾಹ್ನದ ಮೇಲೆ ದಡದ ಮಗ್ಗುಲಲ್ಲೇ ಸಾಗಿ. ಇವತ್ತು ದಾಟುವುದು ಬೇಡ ಎಂದು ಮಾರ್ಗದರ್ಶಕರು ಹೇಳಿದರೆ ಚರ್ಚೆಗೆ ಇಳಿಯದೆ ಒಲೆ ಹಚ್ಚಿ.

5. ತೋಳಿನಿಂದ ಎಳೆಯಬೇಡಿ. ಗುದ್ದಲಿ ಹಿಡಿದು ಬದು ಕಟ್ಟುವ ಅನುಭವಸ್ಥರು ಸೊಂಟದಿಂದ ಬಲ ತೆಗೆಯುತ್ತಾರಲ್ಲ, ಹುಟ್ಟಿಗೂ ಅದೇ ಬೇಕು. ಮುಂದಕ್ಕೆ ಬಾಗಿ ಅಲಗನ್ನು ಪೂರ್ತಿ ಮುಳುಗಿಸಿ, ಮೈ ತಿರುಗಿಸುತ್ತ ಸೊಂಟದವರೆಗೆ ಎಳೆದು, ಅಲ್ಲಿಗೇ ಎತ್ತಿ. ಇನ್ನೂ ಹಿಂದಕ್ಕೆ ಎಳೆದರೆ ದೋಣಿ ಮುಂದೆ ಹೋಗದು, ಭುಜ ಮಾತ್ರ ಸೋಲುತ್ತದೆ. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಬೇಕು. ಗಂಡ ಹೆಂಡತಿ ಒಂದೇ ದೋಣಿ ಹತ್ತುವುದಾದರೆ ಇದನ್ನು ದಡದಲ್ಲೇ ತೀರ್ಮಾನಿಸಿಕೊಳ್ಳಿ.

6. ಮಗುಚುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿ. ಬಿದ್ದರೆ ದೋಣಿಯನ್ನು ಬಿಡಬೇಡಿ, ಅದು ತೇಲುತ್ತದೆ. ದಡ ಕಾಣುವುದಕ್ಕಿಂತ ದೂರವಿರುತ್ತದೆ. ಲೈಫ್ ಜಾಕೆಟ್ಟಿನ ಎಲ್ಲ ಬಕಲ್ ಹಾಕಿರಲಿ.

7. ಗಂಟು ಚಿಕ್ಕದಿರಲಿ. ಬೇಗ ಒಣಗುವ ಎರಡು ಜೊತೆ ಬಟ್ಟೆ, ಟೋಪಿ, ಟಾರ್ಚ್, ನಿಮ್ಮ ಔಷಧಿ, ಜಿಗಣೆಗೆ ಉಪ್ಪು. ಎಲ್ಲವೂ ನೀರು ನುಗ್ಗದ ಚೀಲದಲ್ಲಿ, ದೋಣಿಯ ನಡುವೆ, ತಳಕ್ಕೆ ಬಿಗಿದಿರಲಿ. ಜೀನ್ಸ್ ಬೇಡ. ಮದ್ಯ ಬೇಡವೇ ಬೇಡ.

8. ಯಾರ ಊರಿನ ಮೇಲೆ ಸಾಗುತ್ತಿದ್ದೀರಿ ಎಂದು ತಿಳಿದು ಹೋಗಿ. ಈ ನದಿಗೆ ದೊಡ್ಡ ಚರಿತ್ರೆಯಿದೆ. ಜೋಗದ ಕೆಳಗಿನ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದರು. ಆದರೆ ನೀವು ತೇಲುವ ನೀರಿನ ಚರಿತ್ರೆ ಇನ್ನೂ ಹತ್ತಿರದ್ದು. 1964ರಲ್ಲಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ಅಡಿಕೆ ತೋಟ, ದೇವಸ್ಥಾನಗಳು ಮುಳುಗಿದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ನೀರಿನಡಿ ಸೇರಿತು. ನೀರು ತೀರಾ ಇಳಿದ ವರ್ಷಗಳಲ್ಲಿ ಮಾತ್ರ ಅದು ತಲೆ ಎತ್ತುತ್ತದೆ. ನೀವು ಡೇರೆ ಹೂಡುವ ನಡುಗಡ್ಡೆ ಆಗ ಗುಡ್ಡದ ನೆತ್ತಿಯಾಗಿತ್ತು. ಆಚೆ ದಡದ ತುಮರಿಯವರು ದಶಕಗಟ್ಟಲೆ ಲಾಂಚಿಗೆ ಕಾದರು; ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಆ ತ್ಯಾಗದಿಂದ ನಿಂತ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಅದರ ಬೆಳಕು ನಮ್ಮ ಕಡೆಗೂ ಬಂದಿದೆ. 2019ರಲ್ಲಿ ಇದೇ ನೀರನ್ನು ಬೆಂಗಳೂರಿಗೆ ತರುವ ಮಾತು ಎದ್ದಾಗ ಮಲೆನಾಡು ಬೀದಿಗಿಳಿಯಿತು. ದಡದಲ್ಲಿ ಹಿರಿಯರು ಸಿಕ್ಕರೆ ಕೂತು ಕೇಳಿ. ಬೆಂಗಳೂರು ಕಡೆಯವರು ಎಂದು ತಿಳಿದು ಅವರು ಗಟ್ಟಿಯಾಗಿ ಮಾತಾಡಿದರೂ ಕೇಳಿಸಿಕೊಳ್ಳಿ. ಅವರಿಗೆ ಆ ಹಕ್ಕಿದೆ. ಹಾಡಿನ ಡಬ್ಬಿ ಮನೆಯಲ್ಲೇ ಇರಲಿ, ಕಸವೆಲ್ಲ ನಿಮ್ಮ ಜೊತೆ ವಾಪಸ್ ಬರಲಿ.

9. ಕೊನೆಯ ದಿನದ ದಾರಿ ಚಿಕ್ಕದಿರಲಿ. ಬೆಂಗಳೂರು–ತಾಳಗುಪ್ಪ ನಡುವೆ ರಾತ್ರಿ ರೈಲಿದೆ. ಅದನ್ನು ಹಿಡಿಯುವ ಆತುರದಲ್ಲಿ ಸಂಜೆ ಗಾಳಿಗೆ ಎದುರಾಗಿ ಹುಟ್ಟು ಹಾಕುವ ಪ್ರಸಂಗ ಬರಬಾರದು. ಮಧ್ಯಾಹ್ನದೊಳಗೆ ದಡ ಸೇರಿ, ದೋಣಿ ತೊಳೆದು ಒಪ್ಪಿಸಿ, ಊಟ ಮುಗಿಸಿ ತಾಳಗುಪ್ಪದ ಕಡೆ ಹೊರಡಿ.